ಮಾರ್ಕೆಟ್ ಸ್ಟಾಪಿನ ಎರಡನೇ ಎಣಿಕೆ

ಮಂಗಳವಾರ ಬೆಳಿಗ್ಗೆ ಬಸ್ ಇಳಿದಾಗ ಸ್ಟಾಪಿನ ಕಂಬಕ್ಕೆ ನೋಟಿಸ್ ಅಂಟಿಸಿದ್ದರು. ಹಳೇ ದಾವಣಗೆರೆಯ ಮಾರ್ಕೆಟ್ ರಸ್ತೆ ಏಕಮುಖ ಆಗುತ್ತದೆ, ಬಸ್ಸುಗಳು ಇನ್ನು ಒಳಗೆ ಬರುವುದಿಲ್ಲ, ಸ್ಟಾಪು ಹೊರಗಿನ ದೊಡ್ಡ ರಸ್ತೆಗೆ ಹೋಗುತ್ತದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ತಿಳಿಸಬೇಕು ಎಂದಿತ್ತು. ನಾನು ಅದೇ ರಸ್ತೆಯ ಒಂದು ಬಟ್ಟೆಯ ಸಗಟು ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ, ದಿನವೂ ಹರಿಹರದಿಂದ ಬಂದು ಹೋಗುತ್ತೇನೆ. ಊಟದ ಬಿಡುವಿನಲ್ಲಿ ಈಗಿನ ಸ್ಟಾಪಿನಿಂದ ಹೊಸ ಜಾಗದವರೆಗೆ ನಡೆದು ನೋಡಿದೆ. ಏಳುನೂರ ನಲವತ್ತು ಹೆಜ್ಜೆ. ದಿನಚರಿಯಲ್ಲಿ ಬರೆದುಕೊಂಡೆ. ನನಗೆ ಅದು ಏಳೆಂಟು ನಿಮಿಷ, ಅಷ್ಟೇ.

ಅತ್ತೆಗೆ ಹಾಗಲ್ಲ. ಅಪ್ಪನ ಅಕ್ಕ ಹರಿಹರದ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ, ಮಿರ್ಚಿ ಮಾರುತ್ತಾಳೆ. ವಾರಕ್ಕೆ ಮೂರು ಸಲ ಈ ಮಾರ್ಕೆಟ್ಟಿಗೆ ಬಂದು ಎರಡು ಚೀಲ ಮಂಡಕ್ಕಿ ಒಯ್ಯುತ್ತಾಳೆ. ಮಂಡಕ್ಕಿ ಹಗುರ, ಆದರೆ ಚೀಲ ಅವಳ ಭುಜದೆತ್ತರ ಬರುತ್ತದೆ. ಅಂಗಡಿಯವರು ಸ್ಟಾಪಿನವರೆಗೆ ತಂದಿಡುತ್ತಾರೆ, ಕಂಡಕ್ಟರ್ ಗೊಣಗುತ್ತಲೇ ಒಳಗೆ ಎಳೆದುಕೊಳ್ಳುತ್ತಾರೆ.

“ಅಮ್ಮಾರೆ, ಫ್ರೀ ಇರೋದು ನಿಮಗ, ಚೀಲಕ್ಕಲ್ಲ” ಎಂದು ಅವರು ಒಮ್ಮೆ ಹೇಳಿದಾಗ ಅತ್ತೆ, “ಇವೂ ನನ್ನ ಹೆಣ್ಣುಮಕ್ಕಳೇ ಅಂತ ತಿಳ್ಕೋರಿ” ಎಂದಿದ್ದಳು. ಬಸ್ಸೆಲ್ಲ ನಕ್ಕಿತ್ತು.

ನೋಟಿಸಿನ ಸುದ್ದಿ ಹೇಳಿದಾಗ ಮಾತ್ರ ಅವಳು ನಗಲಿಲ್ಲ. ಮೊಣಕಾಲು ಒತ್ತಿಕೊಂಡು ಕೂತಿದ್ದವಳು, “ಒಂದು ಚೀಲ ಹೊತ್ಕೊಂಡು ಹೋದ್ರೆ ಇನ್ನೊಂದು ಚೀಲ ಯಾರು ಕಾಯ್ತಾರೆ? ಅಂಗಡಿ ಮುಚ್ಚಬೇಕಾಗ್ತೈತೆ, ಅಷ್ಟೇ” ಎಂದಳು. ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು. ನನಗೆ ಹೆದರಿಕೆ ಹುಟ್ಟಿದ್ದು ಆಗ.

ಮಾರ್ಕೆಟ್ ವಾರ್ಡಿನ ಕಾರ್ಪೊರೇಟರ್ ಒಬ್ಬ ಹೆಂಗಸು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾರೆ, ದೂರು ಕೇಳುವುದೂ ಅಲ್ಲಿಯೇ, ಮಷಿನ್ನುಗಳ ಸದ್ದಿನ ನಡುವೆ. ಗುರುವಾರ ಸಂಜೆ ಹೋಗಿ ಅತ್ತೆಯ ಕತೆ ಹೇಳಿದೆ. ಪೂರ್ತಿ ಕೇಳಿದರು.

“ನಿಮ್ಮತ್ತಿ ಒಬ್ರ ಸಲುವಾಗಿ ಯೋಜನೆ ಬದಲಾಗಲ್ಲವ್ವಾ. ಅಂಥವ್ರು ಎಷ್ಟು ಜನ ಅದಾರೆ ಅಂತ ಹೇಳು. ಲೆಕ್ಕ ಇದ್ರೆ ನಾನು ಮೀಟಿಂಗ್‌ನಾಗೆ ಎದ್ದು ನಿಲ್ತೀನಿ. ಬರೀ ಬ್ಯಾಡ, ಬ್ಯಾಡ ಅಂದ್ರೆ ಟೀ ಕೊಟ್ಟು ಕಳಿಸ್ತಾರೆ.”

ಎಣಿಸುವುದೆಂದರೆ ನನಗೆ ಕಷ್ಟವಲ್ಲ. ಮುಂದಿನ ರಜೆಯ ದಿನವೇ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಸ್ಟಾಪಿನ ಎದುರಿನ ಜಗಲಿಯ ಮೇಲೆ ಕೂತು, ಹತ್ತುವವರು ಇಳಿಯುವವರಿಗೆಲ್ಲ ಗೀಟು ಹಾಕಿದೆ. ಒಟ್ಟು ನಲವತ್ತಾರು. ಇಷ್ಟೇನಾ ಅನ್ನಿಸಿತು. ಆದರೂ ಎಣಿಕೆ ಎಣಿಕೆಯೇ. ಅಂದವಾಗಿ ಬರೆದು, ದಿನಚರಿಯೊಳಗಿಟ್ಟು ಒಯ್ದು ಕಾರ್ಪೊರೇಟರಿಗೆ ಕೊಟ್ಟೆ.

ಅವರು ಹಾಳೆ ನೋಡಿ ಕನ್ನಡಕ ತೆಗೆದರು. “ಯಾವತ್ತು ಎಣಿಸಿದ್ದು?”

“ಮೊನ್ನೆ, ರಜೆ ಇತ್ತಲ್ರಿ.”

“ಯಾಕ ರಜೆ ಇತ್ತು?”

“ಅಮಾವಾಸ್ಯೆ…” ಎನ್ನುವಾಗಲೇ ನನಗೆ ಹೊಳೆಯಿತು.

ಹೊಲಿಯುತ್ತಿದ್ದ ಹುಡುಗಿಯರು ಮಷಿನ್ ನಿಲ್ಲಿಸಿ ನಕ್ಕರು. ನಮ್ಮ ಸಾಲಿನ ಅಂಗಡಿಗಳಲ್ಲಿ ಅಮಾವಾಸ್ಯೆಗೆ ಪೂಜೆ ಮಾಡಿ ಬಾಗಿಲು ಹಾಕುತ್ತಾರೆ. ಹಮಾಲರು ಚೀಲ ಎತ್ತುವುದಿಲ್ಲ, ಅತ್ತೆಯಂಥವರು ಬರುವುದೇ ಇಲ್ಲ. ನನಗೆ ರಜೆ ಸಿಕ್ಕಿದ್ದು ಮಾರ್ಕೆಟ್ ಮುಚ್ಚಿದ್ದರಿಂದ, ನಾನು ಎಣಿಸಿದ್ದು ಆ ಮುಚ್ಚಿದ ಮಾರ್ಕೆಟ್ಟನ್ನು.

“ಕಾರ್ಪೊರೇಟರ್ ಆಗೋ ಲಕ್ಷಣ ಐತೆ ನೋಡು ನಿನಗೆ” ಎಂದು ಅವರೂ ನಕ್ಕರು. ಆಮೇಲೆ ಕಪಾಟಿನಿಂದ ಯೋಜನೆಯ ಫೈಲು ತೆಗೆದರು. ಅದರಲ್ಲಿ ಸರ್ವೆ ಮಾಡಿದವರು ಇದೇ ಸ್ಟಾಪಿನಲ್ಲಿ ಎಣಿಸಿದ ಪಟ್ಟಿ ಇತ್ತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಐವತ್ತೆರಡು ಜನ. ನನ್ನ ಎಣಿಕೆಯ ಪಕ್ಕದಲ್ಲೇ ಬರುವ ಸಂಖ್ಯೆ. ಪಟ್ಟಿಯ ಮೇಲೆ ಎಣಿಸಿದ ತಾರೀಖಿತ್ತು.

“ನಿನ್ನ ಡೈರಿ ತೆಗಿ.”

ಚೀಲದಿಂದ ದಿನಚರಿ ತೆಗೆದು ಆ ತಾರೀಖಿನ ಪುಟ ತಿರುಗಿಸಿದೆ. ನನ್ನ ಅಕ್ಷರದಲ್ಲೇ ಇತ್ತು: ‘ಅಮಾವಾಸ್ಯೆ. ರಜೆ. ಅವ್ವನ ಸೀರೆಗೆ ಫಾಲ್ ಹಚ್ಚಿದೆ.’ ರಸ್ತೆ ಖಾಲಿ ಇದ್ದ ದಿನ ಅಳತೆಗೆ ಅನುಕೂಲ ಎಂದು ಸರ್ವೆಯವರು ಬಂದಿರಬೇಕು. ಬಂದವರೇ ಜನರನ್ನೂ ಎಣಿಸಿ ಹೋಗಿದ್ದರು.

ಕಾರ್ಪೊರೇಟರ್ ಅವತ್ತೇ ಯಾರ ಮೇಲೂ ಕೂಗಾಡಲಿಲ್ಲ. ಹೊಲಿಗೆ ತರಗತಿಯ ಆರು ಹುಡುಗಿಯರನ್ನು ಇಬ್ಬಿಬ್ಬರಂತೆ ಸರದಿಯಲ್ಲಿ ಕೂರಿಸಿ, ಸೋಮವಾರದಿಂದ ಶನಿವಾರದವರೆಗೆ ಎಣಿಕೆ ಮಾಡಿಸಿದರು. ಹಾಳೆಯ ಗೆರೆ ನಾನು ಎಳೆದುಕೊಟ್ಟೆ. ಅದಕ್ಕೆ ಅವರು ಇನ್ನೊಂದು ಸಾಲು ಸೇರಿಸಿದರು: ಕೈಯಲ್ಲಿ ಹೊರೆ ಇರುವವರು. ನನಗೆ ಅದು ಹೊಳೆದಿರಲಿಲ್ಲ. ಸೋಮವಾರ ಬೆಳಗಿನ ಅದೇ ಎರಡು ಗಂಟೆಗಳಲ್ಲಿ ಮುನ್ನೂರ ಹದಿನೆಂಟು ಜನ ಬಂದರು. ಅವರಲ್ಲಿ ತೊಂಬತ್ತೇಳು ಜನರ ಕೈಯಲ್ಲಿ, ತಲೆಯ ಮೇಲೆ, ಸೊಂಟದ ಮೇಲೆ ಹೊರೆ. ಮಿಕ್ಕ ದಿನಗಳೂ ಅದರ ಆಸುಪಾಸಿನಲ್ಲೇ ಇದ್ದವು.

ಸಭೆ ನಡೆದದ್ದು ವಾರ್ಡ್ ಕಚೇರಿಯಲ್ಲಿ, ಬುಧವಾರ. ಎಂಜಿನಿಯರ್ ಬಂದಿದ್ದರು, ಅಂಗಡಿಯವರ ಪರವಾಗಿ ನಮ್ಮ ಸಾಹುಕಾರರು ಬಂದಿದ್ದರು. ಅತ್ತೆಯನ್ನು ನಾನು ಎಳೆದುಕೊಂಡು ಹೋಗಿದ್ದೆ, ಅವಳು ಚಪ್ಪಲಿ ಬಿಡುವ ಜಾಗದಲ್ಲೇ ಕೂತಳು. ಸಾಹುಕಾರರು ಬಸ್ ಬೇಡ ಎನ್ನುವವರು. ನನ್ನನ್ನು ಕಂಡು ಹುಬ್ಬೇರಿಸಿದರು.

“ಬಸ್ಸು ನಮ್ಮ ಬಾಗಿಲಿಗೆ ಅಡ್ಡ ನಿಂತ್ರೆ ಗಿರಾಕಿ ಒಳಗೆ ಹೆಂಗೆ ಬರ್ಬೇಕ್ರಿ?”

“ಸಾಹುಕಾರ್ರೆ, ನಿಮ್ಮ ಗೊಂಬಿಗಳು ಎಲ್ಲಿ ನಿಂತಾವ್ರಿ?” ಎಂದರು ಕಾರ್ಪೊರೇಟರ್. ಸೀರೆ ಉಡಿಸಿದ ಗೊಂಬೆಗಳು ನಮ್ಮ ಅಂಗಡಿಯ ಮುಂದೆ ಡಾಂಬರಿನ ಮೇಲೇ ನಿಲ್ಲುತ್ತವೆ. “ನೀವು ಗೊಂಬಿ ಒಳಗೆ ಕರ್ಕೊಳ್ರಿ, ನಾನು ಬಸ್ಸು ಮುಂದಕ್ಕ ಸರಿಸ್ತೀನಿ. ನೀರಿನ ಟ್ಯಾಂಕಿನ ಪಕ್ಕ ಹಳೇ ಗಾಡಿ ನಿಂತಿರೋ ಜಾಗ ಐತಲ್ಲ, ಅದು ಪಾಲಿಕೆದೇ.”

ಎಂಜಿನಿಯರ್ ಕಡತ ಮುಚ್ಚಿ, “ವರದಿ ಮೇಲೆ ಕಳಿಸಿ ಆಗಿದೆ ಮೇಡಂ” ಎಂದರು.

ಆಗ ಕಾರ್ಪೊರೇಟರ್ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರು. “ಸಾರ್, ಇದು ಅಮಾಸಿ ದಿನದ್ದು, ಇದು ಮಾಮೂಲಿ ದಿನದ್ದು. ಎಣಿಸೋದ್ರಾಗೆ ತಪ್ಪಾಗೈತೆ ಅಂತ ನಿಮ್ಮನ್ನ ಬೈಯಲ್ಲ. ಈ ಹುಡುಗಿನೂ ಅದೇ ತಪ್ಪು ಮಾಡಿದ್ಲು, ಮತ್ತೆ ಎಣಿಸಿದ್ವಿ. ನೀವೂ ನಾಳೆ ಬರ್ರಿ, ಎಂಟು ಗಂಟೆಗೆ.”

ಎಂಜಿನಿಯರ್ ಬಂದರು. ಅವರ ಎಣಿಕೆ ಮುನ್ನೂರ ಐದಕ್ಕೆ ಬಂತು. ನಮ್ಮ ಸೋಮವಾರದ ಎಣಿಕೆಗಿಂತ ಹದಿಮೂರು ಕಡಿಮೆ. ನಡುವೆ ಅವರು ಟೀ ಕುಡಿಯಲು ಹೋಗಿದ್ದರು, ನಾನು ಹೇಳಲಿಲ್ಲ.

ಎಲ್ಲವೂ ಕೇಳಿದಂತೆ ಆಗಲಿಲ್ಲ. ರಸ್ತೆ ಏಕಮುಖವೇ ಆಯಿತು, ಸಂಜೆ ಬಸ್ಸುಗಳು ಸುತ್ತಿ ಬರುತ್ತವೆ, ಮನೆ ಮುಟ್ಟಲು ನನಗೆ ಹನ್ನೊಂದು ನಿಮಿಷ ಹೆಚ್ಚು ಬೇಕು. ಆದರೆ ಬಸ್ಸು ಮಾರ್ಕೆಟ್ಟಿನೊಳಗೇ ಬರುತ್ತದೆ. ಲಾರಿಗಳು ಬೆಳಿಗ್ಗೆ ಏಳೂವರೆಯೊಳಗೆ ಲೋಡ್ ಇಳಿಸಿ ಹೋಗಬೇಕು. ಸ್ಟಾಪು ಟ್ಯಾಂಕಿನ ಪಕ್ಕಕ್ಕೆ ಬಂದಿದೆ, ಎರಡು ತಿಂಗಳ ಪ್ರಯೋಗ ಎಂದು ಬರೆದುಕೊಟ್ಟಿದ್ದಾರೆ. ಸಾಹುಕಾರರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಗೊಂಬೆಗಳನ್ನು ನನ್ನ ಮೇಜಿನ ಹಿಂದೆ ತಂದು ನಿಲ್ಲಿಸಿದರು.

ಹೊಸ ಜಾಗದಿಂದ ಅತ್ತೆ ಮೊದಲ ಸಲ ಬಸ್ ಹತ್ತಿದ್ದು ಶುಕ್ರವಾರ. ಅಂಗಡಿಯ ಆಳು ಎರಡೂ ಚೀಲ ತಂದಿಟ್ಟು ಹೋದ. ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲು ನೇರ ತಲೆಯ ಮೇಲೆ. ಅತ್ತೆ ಸೆರಗು ಹೊದ್ದು ಮೇಲೆ ನೋಡಿದಳು.

“ಜಾಗ ಚಲೋ ಐತೆ. ಒಂದು ತಗಡಾದ್ರೂ ಹಾಕ್ಬಾರ್ದೇನು ಇವ್ರು?”

“ಕಾರ್ಪೊರೇಟರಿಗೆ ನಾನು ಹೇಳ್ತೀನಿ ಅತ್ತೆ.”

“ನೀನ್ಯಾಕ ಹೇಳ್ತಿ? ಬಿಸಿಲಾಗೆ ನಿಂತಿರೋಳು ನಾನು” ಎಂದಳು. “ಅವ್ರ ಮನಿ ಯಾವ ಓಣ್ಯಾಗೈತೆ, ಅದನ್ನ ತೋರ್ಸು.”