ಒಂದು ಚಮಚ ಮೊಳಕೆ ಹಿಟ್ಟು

ನಾನು ತರೀಕೆರೆಯ ಶಾಲೆಯಲ್ಲಿ ಸೈನ್ಸ್ ಮೇಷ್ಟರಾಗಿದ್ದೆ. ಮೈಸೂರಿಗೆ ಹೋಗಿ ಕೆಮಿಸ್ಟ್ರಿ ಓದಿ ಬಂದವನೆಂದು ಅಮಲ್ದಾರರೂ ನನ್ನನ್ನು ಕೂರಿಸಿ ಮಾತಾಡಿಸುತ್ತಿದ್ದರು. ಅದರ ಜಂಬವೂ ನನಗೆ ಬೇಕಾದಷ್ಟಿತ್ತು. ಆ ಓದು ಮನೆಯಲ್ಲಿ ಯಾರ ಉಪಯೋಗಕ್ಕೂ ಬರಲಿಲ್ಲ.

ನಮ್ಮ ಮಗಳಿಗೆ ಒಂಬತ್ತು ತಿಂಗಳಾಗಿದ್ದಾಗ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಗಟ್ಟಿಯಾದದ್ದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ ಕಡೂರು ಸೀಮೆಯ ಹಿರೇನಲ್ಲೂರಿನವಳು. ತವರಿನಲ್ಲಿ ಕಲಿತಂತೆ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ಇಟ್ಟುಕೊಂಡಿದ್ದಳು. ಮಾಮೂಲಿ ಹಿಟ್ಟಿನಲ್ಲಿ ಗಟ್ಟಿಯಾಗಿ ರಾಗಿ ಸರಿ ಕಾಯಿಸಿ, ಒಲೆಯಿಂದ ಇಳಿಸಿ, ಬೆರಳು ತಡೆಯುವಷ್ಟು ಆರಿದ ಮೇಲೆ ಆ ಮೊಳಕೆ ಹಿಟ್ಟನ್ನು ಒಂದು ಚಮಚ ಹಾಕಿ ಕಲಕುವಳು. ಕುದಿಯುವಾಗ ಹಾಕಿದರೆ ಕೆಲಸ ಕೆಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ನೋಡನೋಡುತ್ತ ಸರಿ ತೆಳ್ಳಗಾಗುತ್ತಿತ್ತು. ಮತ್ತೆ ಒಂದು ಕುದಿ ಬರಿಸಿ, ಆರಿಸಿ, ಎಳೆಮಕ್ಕಳಿಗೆ ಕುಡಿಸುವ ಒಳಲೆಯಲ್ಲಿ ಹುಯ್ದರೆ ಮಗು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಕೈಕಾಲು ಆಡಿಸಲೂ ಶುರುಮಾಡಿತ್ತು.

ಇದರ ಗುಟ್ಟು ನನಗೆ ಗೊತ್ತಿತ್ತು. ಮೊಳಕೆಯಲ್ಲಿ ಡಯಾಸ್ಟೇಸ್ ಎಂಬುದಿರುತ್ತದೆ; ಈಗ ಅಂಥವನ್ನು ಕಿಣ್ವ ಎನ್ನುತ್ತಾರೆ. ಹಿಟ್ಟಿನ ಪಿಷ್ಟ ತಾನಾಗಿ ತುಂಡಾಗಲೆಂದು ಕಾಯುತ್ತ ಕೂತರೆ ವರ್ಷಗಳೇ ಬೇಕು. ಇದು ಅದನ್ನು ಗಳಿಗೆಯಲ್ಲಿ ಕತ್ತರಿಸುತ್ತದೆ, ತಾನು ಖರ್ಚಾಗದೆ ಮುಂದಿನದಕ್ಕೆ ಕೈ ಹಾಕುತ್ತದೆ. ಅದಕ್ಕೇ ಒಂದು ಚಮಚ ಸಾಕು. ಸರಿ ತೆಳ್ಳಗಾದರೂ ಬಟ್ಟಲಿನಲ್ಲಿರುವ ಆಹಾರ ಅಷ್ಟೇ ಇರುತ್ತದೆ.

ಅಜ್ಜಂಪುರದಿಂದ ನನ್ನ ಅವ್ವ ಬಂದಳು. ನಮ್ಮ ಮನೆತನದಲ್ಲಿ ಮಗುವಿನ ಸರಿ ಎಂದರೆ ಬಟ್ಟಲು ಓರೆ ಮಾಡಿದರೂ ಜಾರಬಾರದು. ಜಾರಿದರೆ ಮನೆಯ ಮರ್ಯಾದೆಯೇ ಹೋದಂತೆ. ಅವ್ವ ಬಟ್ಟಲು ಓರೆ ಮಾಡಿದಳು. ಸರಿ ನೆಲಕ್ಕೆ ಹರಿಯಿತು.

"ನೀರು ಹುಯ್ದವ್ಳೆ ಕಣೋ. ಇದ್ ಕುಡ್ಕಂಡು ಮಗು ಹೆಂಗೋ ಬದುಕ್ತದೆ?"

ಹೆಂಡತಿ ನೀರು ಬೆರೆಸಿಲ್ಲವೆಂದಳು. ಅವ್ವ ನಂಬಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ರಿ" ಎಂದಳು.

ಹುಡುಗರ ಮುಂದೆ ಗಂಟೆಗಟ್ಟಲೆ ಒದರುವ ನಾನು ಅವ್ವನ ಮುಂದೆ ಬಾಯಿ ಬಿಡಲಿಲ್ಲ. ಹೆಂಡತಿಯ ಸೆರಗು ಹಿಡಿದವನು ಎನ್ನಿಸಿಕೊಳ್ಳಲು ನಾಚಿಕೆಯಾಯಿತು. "ಅವ್ವ ಹೇಳ್ದಂಗೆ ಮಾಡು" ಎಂದು ಪೇಟ ಸುತ್ತಿಕೊಂಡು ಶಾಲೆಗೆ ಹೊರಟೆ.

ಅವ್ವ ಗಟ್ಟಿ ಸರಿ ತಿನ್ನಿಸಿದಳು, ಪ್ರೀತಿಯಿಂದಲೇ. ಮಗು ಉಗುಳಿತು, ವಾಂತಿ ಮಾಡಿತು, ಆಮೇಲೆ ಬಾಯಿ ತೆರೆಯುವುದನ್ನೇ ಬಿಟ್ಟಿತು. ಹದಿನೈದು ದಿನದಲ್ಲಿ ತೀರಿಕೊಂಡಿತು. ಜ್ವರ ತಿರುಗಿ ಬಂದಿರಬೇಕು ಎಂದು ನೆಂಟರಿಷ್ಟರು ಹೇಳಿದರು. ಹೇಡಿ ನಾನು, ಹಾಗೇ ಹೇಳಿಕೊಂಡು ತಿರುಗಿದೆ.

ಎರಡು ಮೂರು ತಿಂಗಳಿಗೆ ಶಾಲೆಯಲ್ಲಿ ಅದೇ ಪಾಠ ಬಂತು. ಗಂಜಿಗೆ ಅಯೋಡಿನ್ ಹಾಕಿದರೆ ನೀಲಿಯಾಗುವುದನ್ನೂ, ಮೊಳಕೆ ಹಿಟ್ಟು ಬೆರೆಸಿಟ್ಟ ಮೇಲೆ ಆ ನೀಲಿ ಬಾರದಿರುವುದನ್ನೂ ಹುಡುಗರಿಗೆ ತೋರಿಸಬೇಕಿತ್ತು. ಆ ಹಿಟ್ಟಿನ ಡಬ್ಬಿಯನ್ನು ಹೆಂಡತಿ ಇನ್ನೂ ಎಸೆದಿರಲಿಲ್ಲ. ಮಾನಗೆಟ್ಟವನು ಅವಳನ್ನೇ ಒಂದು ಚಮಚ ಕೇಳಿದೆ. ಏತಕ್ಕೆ ಎಂದಳು. ಪಾಠದ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟೆ.

"ಇದು ನಿಮ್ಗೆ ಆಗ್ಲೇ ಗೊತ್ತಿತ್ತಾ?" ಎಂದಳು.

ಗೊತ್ತಿತ್ತು ಎಂದೆ.

ಅವಳು ಹಿಟ್ಟನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಆಮೇಲೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದೆವು. ಯಾವ ವಿಷಯಕ್ಕೂ ಅವಳು ನನ್ನನ್ನು ಮತ್ತೆ "ನೀವಾದ್ರೂ ಹೇಳ್ರಿ" ಎಂದು ಕೇಳಲಿಲ್ಲ.