ದೊರೆಸಾನಿಗೆ ಬಂದ ತಂತಿ

ಮದುವೆಯಾಗಿ ಹಲಸೂರು ಕೆರೆಯ ಹತ್ತಿರದ ಆ ಬಂಗಲೆಗೆ ಬಂದಾಗ ನನಗೆ ಹದಿನೇಳು ವರ್ಷ. ಹುಟ್ಟಿ ಬೆಳೆದದ್ದು ಬಳೇಪೇಟೆಯ ಒಂದು ವಠಾರದಲ್ಲಿ. ಅಲ್ಲಿಂದ ಇಲ್ಲಿಗೆ ಜಟಕಾದಲ್ಲಿ ಒಂದು ಗಂಟೆಯ ದಾರಿ, ಅಷ್ಟೇ. ಆದರೂ ನಮ್ಮಜ್ಜಿ ಪರದೇಶಕ್ಕೆ ಕಳಿಸುವವರ ಹಾಗೆ ಅತ್ತಿದ್ದರು. "ದಂಡಿನ ಕಡೆ ಮಹಾರಾಜರ ಮಾತು ನಡೆಯೋಲ್ಲ ಕಣೇ, ಅಲ್ಲಿ ಎಲ್ಲ ಇಂಗ್ಲಿಷ್ ದೊರೆಗಳದ್ದೇ. ಹುಷಾರು" ಅಂದಿದ್ದರು. ಯಾವುದಕ್ಕೆ ಹುಷಾರಾಗಿರಬೇಕು ಅಂತ ಮಾತ್ರ ಹೇಳಲಿಲ್ಲ.

ನಮ್ಮ ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಗುಮಾಸ್ತರು. ಯುದ್ಧದ ಕಾಲ, ಕೆಲಸ ವಿಪರೀತ. ಬೆಳಿಗ್ಗೆ ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದರು. ಹಗಲೆಲ್ಲ ನಾನೊಬ್ಬಳೇ. ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆಗೆ ಇಂಗು ಹಾಕಿದ್ದಾರೋ ಬೆಳ್ಳುಳ್ಳಿ ಹಾಕಿದ್ದಾರೋ ತಿಳಿಯುತ್ತಿತ್ತು. ಇಲ್ಲಿ ಎಲೆ ಉದುರುವ ಸದ್ದು ಬಿಟ್ಟರೆ ಏನೂ ಇಲ್ಲ. ರಸ್ತೆಯ ಎರಡೂ ಕಡೆಯ ದೊಡ್ಡ ಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನವೂ ನೆರಳೇ. ಎಲ್ಲ ಮನೆಗೂ ಒಂದೇ ತರದ ಬೇಲಿ, ಒಂದೇ ತರದ ಗೇಟು. ಮೊದಲ ವಾರ ಹೂ ತರಲು ಹೋಗಿ ವಾಪಸ್ ಬರುವಾಗ ಯಾರದ್ದೋ ಮನೆಯ ಬಾಗಿಲವರೆಗೂ ಹೋಗಿಬಿಟ್ಟಿದ್ದೆ. ರಂಗೋಲಿ ಎಲ್ಲಿಡಬೇಕು ಅನ್ನುವುದೇ ನನಗೆ ಬಗೆಹರಿಯಲಿಲ್ಲ. ಗೇಟಿನ ಮುಂದೆ ಇಡೋಣವೆಂದರೆ ಅದು ಬಾಗಿಲಿಂದ ಮೂವತ್ತು ಹೆಜ್ಜೆ ದೂರ. ಮೆಟ್ಟಿಲ ಹತ್ತಿರ ಇಟ್ಟರೆ ನೋಡುವವರು ಯಾರು? ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಇಡುತ್ತಿದ್ದೆ.

ಬಂಗಲೆಯ ಹಿಂದಿನ ಅರ್ಧ ನಮ್ಮದು. ಮುಂದಿನ ಅರ್ಧದಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ವಿಧವೆ. ಎಲ್ಲರೂ ಅವರನ್ನು ದೊರೆಸಾನಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಐವತ್ತು ದಾಟಿದ, ಎತ್ತರದ ಹೆಂಗಸು. ಒಬ್ಬನೇ ಮಗ, ಬರ್ಮಾ ಗಡಿಯಲ್ಲಿ ಯುದ್ಧಕ್ಕೆ ಹೋಗಿದ್ದ. ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಬೆಳಿಗ್ಗೆ ಎದುರಾದರೆ ಅವರು ಏನೋ ಹೇಳುತ್ತಿದ್ದರು, ನಾನು ನಕ್ಕು ತಲೆಯಾಡಿಸುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅವರು ಟೋಪಿ ಹಾಕಿಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದು ನಮ್ಮ ಮೆಟ್ಟಿಲ ಹತ್ತಿರ ಬಂದರು. ಜೊತೆಯಲ್ಲಿ ಅವರ ಕಂದು ಬಣ್ಣದ ನಾಯಿ. ನನ್ನ ಕೈಗೆ ಮನೆಯ ಬೀಗದ ಕೈ ಕೊಟ್ಟು, ನಾಯಿಯನ್ನು ತೋರಿಸಿ, ಗೇಟನ್ನು ತೋರಿಸಿ, ಬೆರಳು ಮಡಿಸಿ ಮಡಿಸಿ ಉದ್ದಕ್ಕೆ ಏನೇನೋ ಹೇಳಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಕೊನೆಗೆ ಕೆನ್ನೆ ತಟ್ಟಿ, ಜಟಕಾ ಹತ್ತಿ ಹೋದರು.

ಸಂಜೆ ಯಜಮಾನರು ಕೇಳಿದರು. "ಎಲ್ಲಿಗೆ ಹೋದ್ರು?"

"ಗೊತ್ತಿಲ್ಲ ರೀ."

"ಯಾವಾಗ ಬರ್ತಾರಂತೆ?"

"ಏನೋ ಬೆರಳು ಎಣಿಸಿದ್ರು."

"ಮತ್ತೆ ನೀನು ಏನಂದೆ?"

"ಹೂಂ ಅಂದೆ."

ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಕೈಕಾಲು ತೊಳೆಯಲು ಹೋದರು.

ಸೈಕಲ್ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಬ್ರೆಡ್ ಮಾರುವ ಸಾಬರು ದಿನಾ ಬರುತ್ತಿದ್ದರು. ಅವರನ್ನು ಕೇಳಿದೆ. "ಆಸ್ಪತ್ರೆಗೆ ಹೋಗಿರ್ಬೇಕಮ್ಮಾ, ಕಾಲುನೋವು ಅಂತಿದ್ರು" ಅಂದರು. ದೊರೆಸಾನಿಯ ಮನೆಯಲ್ಲಿ ಕೆಲಸ ಮಾಡುತ್ತಿದ್ದ ತಮಿಳು ಆಯಾ ನಾಲ್ಕು ದಿನಕ್ಕೊಮ್ಮೆ ಗಿಡಕ್ಕೆ ನೀರು ಹಾಕಲು ಬರುತ್ತಿದ್ದಳು. ಅವಳು, "ಆಸ್ಪತ್ರೆಯೂ ಇಲ್ಲ, ಏನೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ತಂಗಿ ಮನೆ ಇದೆ, ಅಲ್ಲಿಗೆ" ಅಂತ ತಮಿಳು ಕನ್ನಡ ಬೆರೆಸಿ ಹೇಳಿದಳು.

ಹತ್ತು ಹನ್ನೊಂದು ದಿನ ಕಳೆದಿರಬೇಕು. ಮಧ್ಯಾಹ್ನ ತಂತಿ ಪೇದೆ ಬಂದ. ದೊರೆಸಾನಿಯ ಬಾಗಿಲು ತಟ್ಟಿ, ಯಾರೂ ಇಲ್ಲವೆಂದು ಹಿಂದಕ್ಕೆ ಬಂದು ನನ್ನ ಕೈಗೆ ಲಕೋಟೆ ಕೊಟ್ಟ. ಆಗ ತಂತಿ ಅಂದರೆ ಒಂದೇ ಅರ್ಥ, ಯುದ್ಧಕ್ಕೆ ಹೋದವರ ಸಾವು. ಆ ರಸ್ತೆಯಲ್ಲೇ ಎರಡು ಮನೆಗೆ ಅಂಥ ತಂತಿ ಬಂದಿತ್ತು.

ಸಂಜೆ ಯಜಮಾನರ ಕೈಗಿಟ್ಟು, "ಒಡೆದು ನೋಡಿ ರೀ" ಅಂದೆ.

"ಬೇರೆಯವರ ತಂತಿ ಒಡೆಯೋದಾ? ಅದು ತಪ್ಪು."

"ಮತ್ತೇನು ಮಾಡೋದು?"

"ವಿಳಾಸ ತಿಳ್ಕೊಂಡು ಕಳಿಸೋಣ. ನಾಳೆ ಆಯಾ ಬಂದ್ರೆ ಕೇಳಿಡು."

ಮಾರನೇ ದಿನ ಬೆಳಿಗ್ಗೆಯೇ ಆಯಾ ಬಂದಳು. ನಾನು ಅಂದದ್ದು ಇಷ್ಟೇ: "ದೊರೆಸಾನಿಗೆ ತಂತಿ ಬಂದಿದೆ." ಇಷ್ಟೇ ಅಂದದ್ದು ಅಂತ ಇವತ್ತೂ ಪ್ರಮಾಣ ಮಾಡಬಲ್ಲೆ. ಆದರೆ ಹೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅವಳು ನೀರಿನ ಬಿಂದಿಗೆಯನ್ನು ಅಲ್ಲೇ ಬಿಟ್ಟು, ಎದೆ ಬಡಿದುಕೊಂಡು ಕೂತಳು. ಆ ಹುಡುಗನನ್ನು ಎತ್ತಿ ಆಡಿಸಿದವಳು ಅವಳು. ಅವಳ ಅಳು ನೋಡಿ ನಾನೂ ಜೋರಾಗಿ ಅತ್ತೆ. ನಾನು ಅತ್ತದ್ದು ನೋಡಿ ಅವಳಿಗೆ ಸುದ್ದಿ ಖಚಿತವಾಯಿತು. ವಿಳಾಸ ಕೇಳುವುದು ನೆನಪಾಗುವಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೋಗಿಯೇಬಿಟ್ಟಿದ್ದಳು. ಅವಳ ಮೈದುನನಿಗೆ ಗಣಿಯಲ್ಲೇ ಕೆಲಸ. ರಜೆಗೆಂದು ಬಂದಿದ್ದವನು ಅಂದೇ ಮಧ್ಯಾಹ್ನದ ರೈಲಿಗೆ ಹೊರಟಿದ್ದನಂತೆ. ಅವನ ಬಾಯಲ್ಲಿ ಸುದ್ದಿ ಹೋಯಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅದರ ಮರುದಿನ ಬೆಳಿಗ್ಗೆ, ಯಜಮಾನರು ಹೊರಟ ಸ್ವಲ್ಪ ಹೊತ್ತಿಗೆ, ನಾಯಿ ಒಂದೇ ಸಮನೆ ಬೊಗಳತೊಡಗಿತು. ಹೋಗಿ ನೋಡಿದರೆ ಮುಂದಿನ ಜಗುಲಿಯಲ್ಲಿ ಖಾಕಿ ಬಟ್ಟೆಯ ಒಬ್ಬ ಯುವಕ. ಮುಖವೆಲ್ಲ ಅರಿಶಿನ ಬಳಿದ ಹಾಗೆ ಹಳದಿ; ಗಡಿಯಲ್ಲಿ ಮಲೇರಿಯಾಕ್ಕೆ ನುಂಗಿಸುವ ಮಾತ್ರೆಯಿಂದ ಹಾಗಾಗುತ್ತದೆ ಅಂತ ತಿಳಿದದ್ದು ಆಮೇಲೆ. ಎಡಗೈಯನ್ನು ಬಟ್ಟೆ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದ.

"ಅಮ್ಮ ಎಲ್ಲಿ?" ಅಂದ. ಹಲಸೂರಿನ ಗಲ್ಲಿಗಳಲ್ಲಿ ಆಡಿ ಕಲಿತ ಕನ್ನಡ.

"ಯಾರಮ್ಮ?"

"ಈ ಮನೆ ಅಮ್ಮ. ನಾನು ಮಗ. ಬೀಗದ ಕೈ ಕೊಡಿ."

ಎರಡು ದಿನದಿಂದ ಯಾರಿಗಾಗಿ ಅಳುತ್ತಿದ್ದೆನೋ ಅವನೇ ನಾನು ಅಂತ ಒಬ್ಬ ನಿಂತಿದ್ದಾನೆ. ನಾಯಿಯೋ ಅವನ ಕಾಲಿಗೆ ಬಾಯಿ ಹಾಕಲು ಹೋಗುತ್ತಿದೆ. ಮನೆಯ ಮಗನಾದರೆ ಮನೆಯ ನಾಯಿ ಹೀಗೆ ಮಾಡುತ್ತದೆಯೇ? ಅವನು ಯುದ್ಧಕ್ಕೆ ಹೋದ ಮೇಲೆ ಸಾಕಿದ ನಾಯಿ ಅದು ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ನಾನು ನಾಯಿಯನ್ನೇ ನಂಬಿದೆ. "ಬೀಗದ ಕೈ ಇಲ್ಲ" ಅಂದುಬಿಟ್ಟೆ. ಅದು ನನ್ನ ಸೊಂಟದಲ್ಲೇ ಕಾಣುತ್ತಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮೆಟ್ಟಿಲ ಮೇಲೆ ಕುಸಿದು ಕೂತ.

ಬ್ರೆಡ್ ಸಾಬರು ಬರುವವರೆಗೂ ಹಾಗೇ ಇದ್ದೆವು, ಅವನು ಮೆಟ್ಟಿಲ ಮೇಲೆ, ನಾನು ಕಂಬದ ಹಿಂದೆ. ಸಾಬರು ಗೇಟಿನಲ್ಲೇ ಸೈಕಲ್ ಬೀಳಿಸಿ, "ಯಾ ಅಲ್ಲಾ!" ಅಂತ ಓಡಿಬಂದು ಅವನನ್ನು ತಬ್ಬಿಕೊಂಡರು. "ಅಮ್ಮಾ, ಇವರೇ ಕಣಮ್ಮಾ! ಸತ್ತೋದ್ರು ಅಂತ ಆಯಾ ಊರೆಲ್ಲ ಹೇಳ್ಕೊಂಡು ಬಂದ್ಳಲ್ಲ!"

ನಾನು ಒಳಗೆ ಓಡಿ ತಂತಿ ತಂದು ಕೊಟ್ಟೆ. ಅವನು ಒಡೆದು ಓದಿ, "ನಾನೇ ಕಳಿಸಿದ್ದು. ರಜೆ ಸಿಕ್ಕಿದೆ, ಬರ್ತಿದ್ದೀನಿ ಅಂತ" ಅಂದ. ಆಮೇಲೆ ನಗಲು ಶುರುಮಾಡಿದ. ನನಗೆ ನಗು ಬರಲಿಲ್ಲ. ಉಪ್ಪಿಟ್ಟು ಮಾಡಿಕೊಟ್ಟೆ, ಎರಡು ಸಲ ಹಾಕಿಸಿಕೊಂಡು ತಿಂದ. ಅಷ್ಟರಲ್ಲಿ ಎದುರು ರಸ್ತೆಯ ಇಬ್ಬರು ಮುದುಕಿಯರು ಕಪ್ಪು ಬಟ್ಟೆ ಹಾಕಿಕೊಂಡು, ಬಿಳಿ ಹೂ ಹಿಡಿದು ದುಃಖ ವಿಚಾರಿಸಲು ಬಂದರು. ಅವನು ಎದ್ದು ಆ ಹೂ ಇಸಕೊಂಡ.

ದೊರೆಸಾನಿ ಬಂದದ್ದು ಸಂಜೆ ನಾಲ್ಕರ ಹೊತ್ತಿಗೆ. ಜಟಕಾ ಇಳಿದರು. ಅವರೂ ಕಪ್ಪು ಬಟ್ಟೆಯಲ್ಲೇ ಇದ್ದರು. ಮಗ ಜಗುಲಿಯಿಂದ ಎದ್ದುನಿಂತು ಕೂಗಿದ. ಅವರು ಅವನ ಕಡೆ ನೋಡಿದರು. ಆದರೆ ಹೋಗಲಿಲ್ಲ. ನೇರವಾಗಿ ಪಕ್ಕದಿಂದ ನಡೆದು, ನಮ್ಮ ಹಿತ್ತಿಲ ಬಾಗಿಲಿಗೆ ಬಂದು, ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಲ್ಲಿಯವರೆಗೆ ನಮ್ಮವರಲ್ಲದವರು ಯಾರೂ ಅಲ್ಲಿಗೆ ಬಂದಿರಲಿಲ್ಲ. ನಾನು ನನ್ನ ಲೋಟದಲ್ಲೇ ನೀರು ಕೊಟ್ಟೆ. ಕುಡಿಯುವಾಗ ಅವರ ಹಲ್ಲು ಲೋಟಕ್ಕೆ ತಗುಲಿ ಟಕಟಕ ಅನ್ನುತ್ತಿತ್ತು. ಮಗ ಬಂದು ಮುಂದೆ ಮಂಡಿಯೂರಿದ. ಅವರು ಅವನ ಪೆಟ್ಟಾಗದ ಭುಜಕ್ಕೆ ಒಂದು, ಎರಡು, ಮೂರು ಏಟು ಹೊಡೆದರು, ಆಮೇಲೆ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

ಮಾರನೇ ದಿನ ಮಗನ ಬಾಯಲ್ಲೇ ತಿಳಿಯಿತು. ಅಂದು ಬೀಗದ ಕೈ ಕೊಡುವಾಗ ದೊರೆಸಾನಿ ನನಗೆ ಹೇಳಿದ್ದು: ಕಾಗದವಾಗಲಿ ತಂತಿಯಾಗಲಿ ಬಂದರೆ ನಿನ್ನ ಗಂಡ ಒಡೆದು ಓದಲಿ, ಆಯಾಳ ಕೈಯಲ್ಲಿ ಹೇಳಿಕಳಿಸಿ. ಅದಕ್ಕೂ ನಾನು ತಲೆಯಾಡಿಸಿದ್ದೆ. ಯಜಮಾನರಿಗೆ ಹೇಳಿದೆ. ಅವರು, "ಆದ್ರೂ ಒಡೆಯೋದು ತಪ್ಪೇ" ಅಂದರು. ದನಿಯಲ್ಲಿ ಬಲವಿರಲಿಲ್ಲ.

ಮಗ ರಜೆ ಮುಗಿಸಿ ಹೋಗುವವರೆಗೂ ದೊರೆಸಾನಿ ನನ್ನ ಜೊತೆ ಮಾತಾಡಲಿಲ್ಲ. ಕೋಪವೋ, ನಾಚಿಕೆಯೋ, ಆ ರೈಲಿನಲ್ಲಿ ಕೂತು ಬಂದ ಹೊತ್ತನ್ನು ಮರೆಯಲಾಗದ್ದೋ, ನನಗೆ ಗೊತ್ತಾಗಲಿಲ್ಲ. ಕ್ಷಮೆ ಕೇಳೋಣವೆಂದರೆ ಯಾವ ಮಾತಿನಲ್ಲಿ? ಮಗನಿಗೆ ಬೀಗದ ಕೈ ಕೊಡದೆ ಹೊರಗೆ ಕೂರಿಸಿದ್ದಕ್ಕೋ, ಬದುಕಿದ್ದವನಿಗೆ ಅತ್ತಿದ್ದಕ್ಕೋ? ಅವನನ್ನು ಸಾಯಿಸಿದವಳು ನಾನೋ ಆಯಾಳೋ ಅನ್ನುವುದೂ ನನಗೆ ಈವರೆಗೆ ತೀರ್ಮಾನವಾಗಿಲ್ಲ. ಮಕ್ಕಳಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಗುತ್ತಾರೆ. ಆ ಹಲ್ಲಿನ ಸದ್ದು ಕೇಳಿದವಳು ನಾನೊಬ್ಬಳೇ.

ಅವನು ಯುದ್ಧ ಮುಗಿಸಿ ಕ್ಷೇಮವಾಗಿ ವಾಪಸ್ ಬಂದ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ತಾಯಿ ಮಗ ಇಬ್ಬರೂ ಹಡಗು ಹತ್ತಿದರು. ಆದರೆ ಅದಕ್ಕೆ ಮುಂಚೆ, ಅವನು ರಜೆ ಮುಗಿಸಿ ಹೋದ ವಾರವೇ, ದೊರೆಸಾನಿ ಒಂದು ಮಧ್ಯಾಹ್ನ ಮಕ್ಕಳ ಇಂಗ್ಲಿಷ್ ಪುಸ್ತಕ ಹಿಡಿದು ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು. ಪುಸ್ತಕ ತೆರೆಯುವ ಮೊದಲು ಒಂದು ವಾಕ್ಯ ಬಾಯಿಪಾಠ ಮಾಡಿಸಿದರು. ನಾನು ಪಿಸುಗುಟ್ಟಿದರೆ ಒಪ್ಪಲಿಲ್ಲ, ಗಟ್ಟಿಯಾಗಿ ಹೇಳು ಅಂತ ಕೈಯಲ್ಲಿ ತೋರಿಸಿದರು. ಸಂಜೆ ಯಜಮಾನರ ಮುಂದೆ ಒಪ್ಪಿಸಿದೆ. "ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ, ಅಂತ ಅದರ ಅರ್ಥ" ಅಂದರು. ಆ ವಾರ ರೇಷನ್ ಅಂಗಡಿಯಲ್ಲಿ ಗುಮಾಸ್ತ ಇಂಗ್ಲಿಷಿನಲ್ಲಿ ಏನೋ ಗದರಿದಾಗ ಅದನ್ನು ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಇನ್ನೊಂದು ಸಲ ಹೇಳಿದ. ಆಗಲೂ ಅರ್ಥವಾಗಲಿಲ್ಲ, ಮತ್ತೆ ಹೇಳಿಸಿದೆ.