ಆರು ಲಕ್ಷ ದನಿಗಳ ನಡುವೆ ಅಕ್ಕ

ಬಾನುಲಿ ಕೇಂದ್ರದ ಧ್ವನಿಮುದ್ರಣಗಳನ್ನು ಅವಳು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಅಲ್ಲೇ ಉದ್ಘೋಷಕಿಯಾಗಿದ್ದ ಅವಳ ಅಕ್ಕ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಕ್ಕನ ದನಿ ಕೇಳಬೇಕೆನ್ನಿಸಿದಾಗಲೆಲ್ಲ ತಂಗಿ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಆದರೆ ಮುದ್ರಣಗಳನ್ನೆಲ್ಲ ಅವಳು ಒಂದೇ ಫೋಲ್ಡರಿಗೆ ತುಂಬಿದ್ದಳು. ಅದು ತೆರೆಯುವಷ್ಟರಲ್ಲಿ ಬಿಡುವೇ ಮುಗಿದುಹೋಗುತ್ತಿತ್ತು.

ಕೊನೆಗೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು.

“ಆರು ಲಕ್ಷ ಫೈಲು ಒಂದೇ ಕಡೆ ಸುರಿದಿದ್ದೀರಲ್ಲಮ್ಮಾ! ಪಟ್ಟಿ ತೋರಿಸೋಕೆ ಮುಂಚೆ ಅದು ಒಂದೊಂದು ಹೆಸರನ್ನೂ ಓದಬೇಕು. ಫೈಲಿನ ಹೆಸರು ಗೊತ್ತಿದ್ರೆ ನೇರವಾಗಿ ತೆಗೀಬಹುದು.”

“ಹೆಸರೆಲ್ಲಿ ಬಂತಪ್ಪ, ಬರೀ ಸಂಖ್ಯೆ. ನಂಗೆ ಬೇಕಾದ್ದರ ವರ್ಷ, ತಿಂಗಳು ಮಾತ್ರ ಗೊತ್ತು.”

“ಅಷ್ಟು ಸಾಕು. ಪ್ರತಿ ಫೈಲಿಗೂ ತಾರೀಕು ಇದ್ದೇ ಇರುತ್ತೆ. ತಿಂಗಳಿಗೊಂದು ಫೋಲ್ಡರ್ ಮಾಡಿಬಿಡೋಣ.”

ಆ ಕೆಲಸಕ್ಕೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ, ಅಕ್ಕ ಕೆಲಸ ಮಾಡಿದ ಕೊನೆಯ ತಿಂಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಬಂತು. ಮೊದಲ ಫೈಲಿನಲ್ಲಿ ಸುದ್ದಿಯಿರಲಿಲ್ಲ. ಒಂದು ಸಣ್ಣ ಕೆಮ್ಮು, ಆಮೇಲೆ ಮೈಕ್ ಪರೀಕ್ಷಿಸುವ ಅಕ್ಕನ ಮಾತು: “ಕೇಳಿಸ್ತಿದೆಯೇನೇ?”

ಅಂದು ಸ್ಟುಡಿಯೋ ಗಾಜಿನ ಆಚೆಯಿಂದ ಸುಮ್ಮನೆ ಕೈ ಎತ್ತಿದ್ದವಳು ತಾನೇ ಎಂಬುದು ತಂಗಿಗೆ ನೆನಪಾಯಿತು. ಈಗ ಬಾಯಿಬಿಟ್ಟು, “ಕೇಳಿಸ್ತಿದೆ ಅಕ್ಕಾ” ಎಂದಳು. ಆಮೇಲೆ ಬಿಡುವು ಮುಗಿಯುವ ತನಕ ಆ ಒಂದು ಮಾತನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದಳು.